ಬೋರ್ಡ್ ಬರೆಯೋದು ಸುಲಭ, ಹೆಸರು ಸಿಗೋದೇ ಕಷ್ಟ

ಮೊದಲ ಭಾನುವಾರ

ದಾವಣಗೆರೆಯ ನಮ್ಮ ಬೀದಿಯ ಪ್ರೆಸ್ಸಿನಲ್ಲಿ ಒಂದು ಹಳೇ "ಧೂಮಪಾನ ನಿಷೇಧ" ಸ್ಟಿಕರ್ ಇತ್ತು. ಅದರಲ್ಲಿ ಇನ್ನೂ "ದಂಡ 200 ರೂಪಾಯಿ" ಎಂದೇ ಇದೆ. ತಂಬಾಕು ಕಾಯ್ದೆಗೆ ಕರ್ನಾಟಕದ ತಿದ್ದುಪಡಿ 2025ರ ಮೇ ಕೊನೆಗೆ ಜಾರಿಗೆ ಬಂದು, ದಂಡ 1,000 ರೂಪಾಯಿಗೆ ಏರಿದೆ. ಸ್ಟಿಕರ್ ಅಳೆದರೆ ಅಂಗೈಯಗಲ. ಧೂಮಪಾನ ನಿಷೇಧದ 2008ರ ನಿಯಮದಂತೆ ಬೋರ್ಡ್ ಕನಿಷ್ಠ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ ಇರಬೇಕು.

ನನಗೆ ಬ್ರಷ್ ಹಿಡಿಯೋ ಚಟ ಇದೆಯಲ್ಲ, "ನಾನೇ ಬರೆದುಕೊಡ್ತೀನಿ" ಎಂದುಬಿಟ್ಟೆ. ಪಕ್ಕದ ಗ್ಯಾರೇಜು, ಎದುರಿನ ಹೋಟೆಲಿನವರೂ ಸೇರಿಕೊಂಡರು. ತಗಡು, ಬಣ್ಣ ಅವರದು. ಕೈ ನನ್ನದು.

ಎರಡನೇ ಭಾನುವಾರ

ಬೋರ್ಡಿನಲ್ಲಿ ಸಿಗರೇಟಿನ ಚಿತ್ರ ಬರೆಯೋ ವೃತ್ತ ಕೈ ಕೊಟ್ಟಿತು. ಹೊರಗಿನ ವ್ಯಾಸ 15 ಸೆಂ.ಮೀ.ಗೆ ಕಡಿಮೆ ಇರಬಾರದು, ಸುತ್ತಲಿನ ಕೆಂಪು ಅಂಚು 3 ಸೆಂ.ಮೀ., ಅಡ್ಡ ಪಟ್ಟಿಯೂ ಅಷ್ಟೇ ದಪ್ಪ. ಲೆಕ್ಕ ಹಾಕಿದರೆ ಒಳಗೆ ಉಳಿಯೋದು 9 ಸೆಂ.ಮೀ. ಅದರ ನಡುವೆ ಪಟ್ಟಿ ಎಳೆದ ಮೇಲೆ ಸಿಗರೇಟಿಗೆ ಜಾಗವೆಲ್ಲಿ? ಚಂದ ಕಾಣಲಿ ಅಂತ ಅಂಚನ್ನು 2 ಸೆಂ.ಮೀ.ಗೆ ಇಳಿಸಿದೆ. ಆಮೇಲೆ ನಿಯಮ ಮತ್ತೊಮ್ಮೆ ಓದಿ, ಪೂರ್ತಿ ಬಿಳಿ ಬಳಿದೆ. ಅದು ಒಣಗೋ ಮುಂಚೆಯೇ ಕೆಂಪು ಹಚ್ಚಿದ್ದರಿಂದ ಎರಡೂ ಕಲೆತು ರೋಸ್ ಮಿಲ್ಕ್ ಬಣ್ಣವಾಯಿತು. ಮೂರನೇ ಸಲಕ್ಕೆ ವೃತ್ತವನ್ನೇ 20 ಸೆಂ.ಮೀ. ಮಾಡಿದೆ. 15 ಕನಿಷ್ಠ ಅಷ್ಟೇ, ಜಾಸ್ತಿ ಮಾಡಬಾರದು ಅಂತೇನಿಲ್ಲ. ಮೊದಲೇ ಯಾಕೆ ಹೊಳೆಯಲಿಲ್ಲವೋ.

ಮೂರನೇ ಭಾನುವಾರ

ಹೋಟೆಲಿನವರಿಗೆ ಬೋರ್ಡಿಗಿಂತ ಸಿಗರೇಟ್ ಸೇದೋಕೆ ಒಂದು ಮೂಲೆ ಬೇಕಿತ್ತು. ಅದು 30 ಮಂದಿ ಕೂರೋ ಹೋಟೆಲಿಗೆ ಮಾತ್ರ ಎಂದೆ. ಇರೋದು 24 ಕುರ್ಚಿ. "ಇನ್ನೆರಡು ಬೆಂಚ್ ಹಾಕ್ತೀನಿ ಬಿಡ್ರಿ" ಎಂದರು. ನಾಲ್ಕೂ ಕಡೆ ಪೂರ್ತಿ ಗೋಡೆ, ತಾನೇ ಮುಚ್ಚಿಕೊಳ್ಳೋ ಬಾಗಿಲು, ಹೊಗೆ ನೇರ ಹೊರಗೆ ಹೋಗೋ ವ್ಯವಸ್ಥೆ ಬೇಕು, ಒಳಗೆ ಟೀ ಸಪ್ಲೈ ಮಾಡೋ ಹಾಗೂ ಇಲ್ಲ ಎಂದು ಹೇಳಿದೆ. ಕೊನೇ ಮಾತಿಗೆ ಮುಖ ಸಪ್ಪಗಾಯಿತು. ಟೀ ಇಲ್ಲದ ಮೇಲೆ ಮೂಲೆ ಕಟ್ಟಿ ಏನು ಲಾಭ, ಅಲ್ವಾ? ಟೇಬಲ್ ಮೇಲಿನ ಆಶ್‌ಟ್ರೇಗಳನ್ನೂ ತೆಗೆಸಿದೆ. ಆಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಯಾವುದನ್ನೂ ಇಡುವಂತಿಲ್ಲ. ಈಗ ಒಂದರಲ್ಲಿ ಸೋಂಪು ಇಟ್ಟಿದ್ದಾರೆ. ನಾನಂತೂ ಮುಟ್ಟಿಲ್ಲ.

ನಾಲ್ಕನೇ ಭಾನುವಾರ

ಪ್ರೆಸ್ಸಿನ ಬೋರ್ಡ್ ಮುಗಿಯಿತು, ಒಂದು ಸಾಲು ಬಿಟ್ಟು. ಯಾರಿಗೆ ದೂರು ಕೊಡಬೇಕೋ ಅವರ ಹೆಸರನ್ನೂ ಕಾಣುವಂತೆ ಹಾಕಬೇಕು. ಮಾಲೀಕರು ಮಷಿನ್ ಹುಡುಗನನ್ನು ತೋರಿಸಿದರು. "ನನ್ನ ಹೆಸರು ಬ್ಯಾಡ ಸಾರ್, ಸೇದೋನೇ ನಾನು" ಎಂದ ಅವನು. ಬೈಂಡಿಂಗ್‌ನವರು ಗಿರಾಕಿಗಳ ಜತೆ ಜಗಳ ಬೇಡ ಎಂದರು. ಮಾಲೀಕರೇ ಹಾಕಿಕೊಳ್ಳಬಹುದು, ಆದರೆ ಅವರ ಕೈಯಲ್ಲೂ ಬೀಡಿ! ದೂರು ಬಂದರೂ ಸುಮ್ನೆ ಕೂತರೆ, ಎಷ್ಟು ಜನ ಸೇದಿದರೋ ಅಷ್ಟು ದಂಡ ಅವರ ತಲೆಗೇ ಬರುತ್ತದೆ ಎಂದು ವಿವರಿಸಿದೆ. ಮಾಲೀಕರು ಬೀಡಿಯನ್ನು ಬಾಗಿಲಾಚೆ ಎಸೆದು ಬಂದರು. ಹೆಸರಿನ ಮಾತು ಮಾತ್ರ ಎತ್ತಲಿಲ್ಲ.

ಕೊನೆಗೆ ಲೆಕ್ಕ ಬರೆಯೋ ಅಕ್ಕ ಕನ್ನಡಕದ ಮೇಲಿಂದ ನೋಡಿ, "ನನ್ನದೇ ಬರೀರಿ, ದೊಡ್ಡದಾಗಿ ಬರೀರಿ" ಎಂದರು. ದಿನವಿಡೀ ಕೆಮ್ಮೋದು ಅವರೇ.

ಬರೆದೆ. ಆದರೆ ಪ್ರೆಸ್ಸಿಗೆ ಮಹಡಿಯೂ ಇದೆ. ಪ್ರತಿ ಅಂತಸ್ತಿಗೂ, ಮೆಟ್ಟಿಲ ಹತ್ತಿರವೂ ಬೋರ್ಡ್ ಬೇಕು. ಮುಂದಿನ ವಾರಕ್ಕೆ ಇನ್ನೆರಡು ತಗಡು, ಒಂದು ಡಬ್ಬಿ ಕೆಂಪು ತರಬೇಕು.