ಇಂಗ್ಲಿಷ್ ಕಲಿಯೋಕೆ ರೈಲು ಅಪಘಾತದ ಸುದ್ದಿಯೇ ಬೇಕಿತ್ತಾ?

ನನ್ನ ನೋಟ್‌ಬುಕ್ ಬಿಡಿಸಿ ನೋಡಿದವರೆಲ್ಲ ಕೇಳುವ ಪ್ರಶ್ನೆ ಇದು. ಪುಟದ ತುಂಬ ಹಳಿ ತಪ್ಪಿದ್ದು, ಡಿಕ್ಕಿ ಹೊಡೆದದ್ದು, ನಜ್ಜುಗುಜ್ಜಾದದ್ದು. "ಬೇರೆ ಏನೂ ಸಿಗಲಿಲ್ವಾ ನಿಮಗೆ? ಕ್ರಿಕೆಟ್ ಸುದ್ದಿ ಓದಬಾರದಾ?"

ಓದಿದೆ. ಆದರೆ ಕ್ರಿಕೆಟ್‌ನ ಎಷ್ಟೋ ಪದಗಳು ಮೈದಾನ ಬಿಟ್ಟು ಆಚೆ ಬರಲ್ಲ. ಗೂಗ್ಲಿ ಅಂದರೇನು ಅಂತ ಗೊತ್ತಾದ ಮೇಲೆ ಅದನ್ನ ಇಟ್ಕೊಂಡು ನಾನೇನು ಮಾಡಲಿ?

ರೈಲು ಅಪಘಾತದ ಸುದ್ದಿ ಹಾಗಲ್ಲ. ಅದು ಒಂದೇ ಸಲಕ್ಕೆ ಮುಗಿಯಲ್ಲ. ಮೊದಲ ಗಂಟೆಯಲ್ಲಿ ಎರಡು ಸಾಲು ಬರುತ್ತದೆ, ರಾತ್ರಿಗೆ ಇಪ್ಪತ್ತು ಸಾಲಾಗುತ್ತದೆ, ಮರುದಿನ ಪುಟ ತುಂಬುತ್ತದೆ, ಕೆಲವು ತಿಂಗಳ ಮೇಲೆ ತನಿಖೆಯ ವರದಿ ಬಂದಾಗ ಅದೇ ಕಥೆಯನ್ನ ಪೂರ್ತಿ ಬೇರೆ ಮಾತಲ್ಲಿ ಮತ್ತೆ ಹೇಳುತ್ತಾರೆ. ನಡೆದದ್ದೇನು ಅಂತ ನಮಗೆ ಮೊದಲೇ ಗೊತ್ತಿರುತ್ತದೆ. ಹಾಗಾಗಿ ಹೊಸ ಪದ ಬಂದರೂ ಅರ್ಥ ಸುಮಾರಾಗಿ ಊಹೆಗೆ ಸಿಕ್ಕಿಬಿಡುತ್ತದೆ. ಡಿಕ್ಷನರಿ ಆಮೇಲೆ.

ಊಹೆ ಕೆಲವು ಸಲ ಕೈ ಕೊಡುತ್ತದೆ, ಅದೂ ಹೇಳಬೇಕು. 2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಬಳಿ ಕೋರಮಂಡಲ್ ಎಕ್ಸ್‌ಪ್ರೆಸ್ ಮೇನ್ ಲೈನ್ ಬಿಟ್ಟು ಲೂಪ್ ಲೈನಿಗೆ (ರೈಲುಗಳನ್ನ ಬದಿಗೆ ನಿಲ್ಲಿಸುವ ಹಳಿ) ನುಗ್ಗಿತಲ್ಲ, ಅದು 'ಸ್ಟೇಶನರಿ ಗೂಡ್ಸ್ ಟ್ರೈನ್' ಒಂದಕ್ಕೆ ಗುದ್ದಿತು ಅಂತ ಓದಿದೆ. ಪೆನ್ನು, ಪುಸ್ತಕ ತುಂಬಿಕೊಂಡು ಹೋಗುತ್ತಿದ್ದ ಗೂಡ್ಸ್ ರೈಲು ಅಂದುಕೊಂಡೆ! ಸ್ಟೇಶನರಿ ಅಂಗಡಿ ಅಂತೀವಲ್ಲ, ಅದೇ ತಲೆಯಲ್ಲಿತ್ತು. ಮಾರನೇ ದಿನದ ವರದಿಯಲ್ಲಿ ಅದರೊಳಗೆ ಇದ್ದದ್ದು ಕಬ್ಬಿಣದ ಅದಿರು ಅಂತ ಓದಿದಾಗ ತಲೆ ಕೆರೆದುಕೊಂಡೆ. ಆಮೇಲೆ ಗೊತ್ತಾಯ್ತು, ಇದು ನಿಂತಲ್ಲೇ ನಿಂತಿರುವುದು ಅನ್ನುವ ಪದ. ಕೊನೆಯ ಮೂರು ಅಕ್ಷರದಲ್ಲಿ ಮೊದಲನೆಯದು ಎ ಆದರೆ ನಿಂತದ್ದು, ಇ ಆದರೆ ಪೆನ್ನು ಪೇಪರ್. ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ಕಿವಿಗೂ ಒಂದೇ. ಪೇಪರ್ ಅನ್ನುವ ಪದದ ಕೊನೆಯಲ್ಲಿ ಇ-ಆರ್ ಇದೆ, ಪಾರ್ಕ್ ಅನ್ನುವುದರಲ್ಲಿ ಎ ಇದೆ. ನಾನು ನೆನಪಿಟ್ಟುಕೊಂಡದ್ದು ಹಾಗೆ. ಮತ್ತೆ ತಪ್ಪಿಲ್ಲ.

ಅದೇ ಸುದ್ದಿಯಲ್ಲಿ 'ಟೋಲ್' ಅನ್ನುವ ಪದವೂ ಸಿಕ್ಕಿತು. ನನಗೆ ಗೊತ್ತಿದ್ದದ್ದು ಹೆದ್ದಾರಿಯ ಟೋಲ್ ಒಂದೇ. ಇಲ್ಲಿ ಅದು ಸತ್ತವರ ಲೆಕ್ಕ. ಮೊದಲು 288 ಅಂದರು. ಜೂನ್ 4ರಂದು, ಕೆಲವು ಶವಗಳನ್ನ ಎರಡೆರಡು ಸಲ ಎಣಿಸಿದ್ದೆವು ಅಂತ ಹೇಳಿ 275ಕ್ಕೆ ಇಳಿಸಿದರು. ಎರಡು ದಿನ ಕಳೆದ ಮೇಲೆ ಮತ್ತೆ 288. ಆಮೇಲೆ 290 ದಾಟಿತು. ಟೋಲ್ ಏರುವುದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಕ್ರಿಯಾಪದ, ತಿದ್ದಿ ಇಳಿಸಿದಾಗ ಏನಂತಾರೆ, 'ಅಟ್ ಲೀಸ್ಟ್' ಅನ್ನುವುದನ್ನ ಎಲ್ಲಿಯವರೆಗೆ ಸೇರಿಸುತ್ತಾರೆ, ಎಲ್ಲಿ ಬಿಡುತ್ತಾರೆ, ಎಲ್ಲ ಆ ಒಂದು ವಾರದಲ್ಲೇ ಕಲಿತೆ.

ನಿಜ ಹೇಳಬೇಕೆಂದರೆ ನನಗೆ ಹಿಡಿಸಿದ್ದು ಇದೇ. ಎಷ್ಟು ಗೊತ್ತಿದೆಯೋ ಅಷ್ಟನ್ನೇ ಹೇಳುವ ಮಾತು. ಮೊದಲ ದಿನ 'ಫಿಯರ್ಡ್ ಡೆಡ್' ಅಂತ ಬರುತ್ತದೆ. ಹೆದರಿಕೊಂಡು ಸತ್ತರು ಅಂತ ಅಲ್ಲ, ಸತ್ತಿರುವ ಶಂಕೆ. ಜೊತೆಗೆ 'ರಿಪೋರ್ಟೆಡ್ಲಿ', 'ಅಲೆಜೆಡ್ಲಿ'. ಮೊದಲನೆಯದು ಹಾಗಂತ ಸುದ್ದಿ, ಎರಡನೆಯದು ಹಾಗಂತ ಆರೋಪ. ಎರಡನ್ನೂ ಒಂದೇ ಅಂತ ಬಳಸುವವರು ಬಹಳ ಜನ. 'ಮೇ ಹ್ಯಾವ್ ಬೀನ್' ಅನ್ನುವುದು ವ್ಯಾಕರಣ ಪುಸ್ತಕದಲ್ಲಿ ಎಷ್ಟು ಓದಿದರೂ ತಲೆಗೆ ಹತ್ತಿರಲಿಲ್ಲ. ಸಿಗ್ನಲ್ ದೋಷ ಕಾರಣ 'ಆಗಿರಬಹುದು' ಅಂತ ಒಂದು ವಾಕ್ಯದಲ್ಲಿ ಓದಿದೆ, ತಕ್ಷಣ ಹೊಳೆಯಿತು. ಅದು ನಮ್ಮ 'ಇರಬಹುದು' ಅಷ್ಟೇ! ಕೊನೆಗೆ ರೈಲ್ವೆ ಸುರಕ್ಷತಾ ಆಯುಕ್ತರ ವರದಿ ಬಂತು, ಸಿಗ್ನಲ್ ಸರ್ಕ್ಯೂಟ್ ಬದಲಿಸುವಾಗ ಆದ ಲೋಪ ಅಂತ ಹೇಳಿತು. ಆಗ ಬಹುದುಗಳೆಲ್ಲ ಉದುರಿಹೋದವು.

ನಾನು ನಾಚಿಕೊಂಡ ಇನ್ನೊಂದು ಪದ 'ಕ್ಯಾಶುವಾಲ್ಟೀಸ್'. ಸುಮಾರು ವರ್ಷ ಅದನ್ನ ಸತ್ತವರು ಅಂತಲೇ ಓದುತ್ತಿದ್ದೆ, ಮನೆಯಲ್ಲಿ ಹಾಗೇ ಹೇಳಿ ಎಲ್ಲರನ್ನೂ ಗಾಬರಿ ಮಾಡಿದ್ದೂ ಉಂಟು. ಗಾಯಗೊಂಡವರೂ ಅದರಲ್ಲಿ ಸೇರುತ್ತಾರೆ. ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಹೋದವರೆಲ್ಲ ಸತ್ತವರಲ್ಲ ಅಲ್ವಾ? ಉತ್ತರ ಕಣ್ಣೆದುರೇ ಇತ್ತು.

ದೇಶ ಬದಲಾದರೆ ಪದವೂ ಬದಲಾಗುತ್ತದೆ. 2023ರ ಫೆಬ್ರವರಿ 3ರಂದು ಅಮೆರಿಕದ ಓಹಿಯೋದಲ್ಲಿ, ಈಸ್ಟ್ ಪ್ಯಾಲೆಸ್ಟೀನ್ ಅನ್ನುವ ಊರಲ್ಲಿ, ರಾಸಾಯನಿಕ ಹೊತ್ತ ರೈಲು ಹಳಿ ತಪ್ಪಿತು. ಎಂಜಿನಿಯರ್ ಬ್ರೇಕ್ ಹಾಕಿದ ಅಂತ ಓದಿ, ಎಂಜಿನಿಯರ್‌ಗೆ ಅಲ್ಲೇನು ಕೆಲಸ ಅಂತ ಯೋಚಿಸಿದೆ. ಅಲ್ಲಿ ರೈಲು ಓಡಿಸುವವನೇ ಎಂಜಿನಿಯರ್. ನಾವು ಲೋಕೋ ಪೈಲಟ್ ಅಂತೀವಿ, ಬ್ರಿಟನ್ನಿನಲ್ಲಿ ಡ್ರೈವರ್. ನಾವು ಬೋಗಿ ಅನ್ನುವುದು ಬ್ರಿಟನ್ನಿನವರಿಗೆ ಕೋಚ್, ಅಮೆರಿಕದವರಿಗೆ ಕಾರ್. ಬ್ರಿಟನ್ನಿನವರ ಬೋಗಿ ಅಂದರೆ ಕೆಳಗಡೆ ಚಕ್ರ ಕೂರಿಸಿರುವ ಚೌಕಟ್ಟು ಮಾತ್ರ.

ಪತ್ರಿಕೆಯವರ ಎಲ್ಲ ಪದವನ್ನೂ ಕಣ್ಣುಮುಚ್ಚಿ ಎತ್ತಿಕೊಳ್ಳಬೇಡಿ. 'ಪ್ರೋಬ್' (ತನಿಖೆ), 'ರ್‍ಯಾಮ್' (ಜೋರಾಗಿ ಗುದ್ದು) ಇವೆಲ್ಲ ತಲೆಬರಹದ ಜಾಗ ಉಳಿಸುವ ಚಿಕ್ಕ ಪದಗಳು, ಮಾತಲ್ಲಿ ಯಾರೂ ಅಷ್ಟಾಗಿ ಬಳಸಲ್ಲ. ನೂರಾರು ಜನ ಸತ್ತದ್ದಕ್ಕೆ 'ಮಿಸ್‌ಹ್ಯಾಪ್' ಅನ್ನುವುದಂತೂ ನನಗೆ ಸರಿ ಕಾಣಲ್ಲ, ಅದು ಸಣ್ಣಪುಟ್ಟ ಎಡವಟ್ಟಿಗೆ ಹೇಳುವ ಮಾತು.

ಮನಸ್ಸಿಗೆ ಕಷ್ಟ ಆಗಲ್ವಾ ಅಂತಲೂ ಕೇಳುತ್ತಾರೆ. ಆಗುತ್ತದೆ. ಫೋಟೋ, ವಿಡಿಯೋ ನೋಡಲ್ಲ, ಬರೀ ಅಕ್ಷರ ಓದುತ್ತೇನೆ. 2023ರಲ್ಲೇ ಗ್ರೀಸ್‌ನ ಟೆಂಪಿಯಲ್ಲಿ ಎರಡು ರೈಲು ಮುಖಾಮುಖಿ ಗುದ್ದಿ 57 ಜನ ಸತ್ತರು. 'ಹೆಡ್ ಆನ್' ಅಂತ ಬರೆದು, ಪೆನ್ನು ಕೆಳಗಿಟ್ಟು ಎದ್ದುಬಿಟ್ಟೆ. ಆ ಪುಟದಲ್ಲಿ ಅದೊಂದೇ ಪದ ಇದೆ.

ಅದರ ಮುಂದಿನ ಪುಟದಲ್ಲಿ 'ನಿಯರ್ ಮಿಸ್' ಇದೆ. ಕೂದಲೆಳೆಯಲ್ಲಿ ತಪ್ಪಿದ ಡಿಕ್ಕಿ. ಆ ಪದ ಇರುವ ಸುದ್ದಿ ನಾಲ್ಕೇ ಸಾಲಿಗೆ ಮುಗಿಯುತ್ತದೆ, ಮರುದಿನ ಅದರ ಮಾತೇ ಇರಲ್ಲ. ಕಲಿಯೋಕೆ ಜಾಸ್ತಿ ಏನೂ ಸಿಗಲ್ಲ, ಆದರೂ ಅಂಥದ್ದು ಕಂಡರೆ ಎರಡು ಸಲ ಓದುತ್ತೇನೆ.