ಎರಡಂಗುಲ ಎತ್ತರದ ಹ್ಯಾಂಡಲ್

ಮೈಸೂರಿನಿಂದ ಹೊಸಪೇಟೆಗೆ ಹೊರಟಿದ್ದ ನನಗೆ ಹುಳಿಯಾರು ತಲುಪುವ ಹೊತ್ತಿಗೆ ಬಲಗೈಯ ಕಿರುಬೆರಳೂ ಉಂಗುರ ಬೆರಳಿನ ಹೊರಬದಿಯೂ ಪೂರ್ತಿ ಜೋಮು ಹಿಡಿದಿದ್ದವು. ಬೆಳಗಿನ ಆರು ಗಂಟೆಗೆ ಮನೆ ಬಿಟ್ಟು, ಪಾಂಡವಪುರ, ನಾಗಮಂಗಲ, ಚಿಕ್ಕನಾಯಕನಹಳ್ಳಿಗಳನ್ನು ದಾಟಿ, ಸುಮಾರು 150 ಕಿಲೋಮೀಟರ್ ಬಂದಿದ್ದೆನಷ್ಟೆ. ಇನ್ನೂ ಅದಕ್ಕಿಂತ ಹೆಚ್ಚಿನ ದಾರಿ ಮುಂದಿತ್ತು. ಚಹಾದ ಅಂಗಡಿಯ ಮುಂದೆ ಬೈಕು ನಿಲ್ಲಿಸಿ ಕೈಗವಸು ಕಳಚಿದಾಗ ಬೆರಳುಗಳ ತುದಿಯಲ್ಲಿ ಲೋಟದ ಬಿಸಿಯೇ ತಿಳಿಯಲಿಲ್ಲ. ಮುಂದಿನ ಬ್ರೇಕ್ ಹಿಡಿಯುವ ಕೈ ಅದೇ ಆಗಿದ್ದರಿಂದ ನನಗೆ ಭಯವಾಯಿತು. ಅರ್ಧ ಗಂಟೆ ಅಲ್ಲಿಯೇ ಕುಳಿತು, ಕೈಯನ್ನು ಕೊಡವಿ, ಬೆರಳುಗಳನ್ನು ಮಡಚಿ ಬಿಡಿಸಿ, ಸ್ಪರ್ಶ ಮರಳಿದ ಮೇಲೆಯೇ ಹಿರಿಯೂರಿನ ಕಡೆ ಹೊರಟೆ. ಆಮೇಲಿನ ದಾರಿಯಲ್ಲಿ ಪ್ರತಿ 40 ಕಿಲೋಮೀಟರಿಗೊಮ್ಮೆ ನಿಲ್ಲಬೇಕಾಯಿತು.

ನನ್ನ ಬೈಕು ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650. 648 ಸಿಸಿಯ ಜೋಡಿ ಸಿಲಿಂಡರಿನ ಎಂಜಿನ್, 202 ಕೆ.ಜಿ. ತೂಕ, 804 ಮಿ.ಮೀ. ಎತ್ತರದ ಸೀಟು. ದೂರದ ಪ್ರಯಾಣಕ್ಕೆಂದೇ ನಾನು ಅದನ್ನು ಕೊಂಡಿದ್ದು, ಮತ್ತು ಅದರ ಎಂಜಿನ್ನಿನ ಸಮಾಧಾನದ ಓಟವನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಅದರ ಹ್ಯಾಂಡಲ್‌ನಲ್ಲಿಯೂ ತಪ್ಪು ಹುಡುಕಲು ಕಾರಣವಿಲ್ಲ. ಸಾಮಾನ್ಯ ಎತ್ತರದ ಸವಾರರು ಅದರ ಮೇಲೆ ನೆಮ್ಮದಿಯಾಗಿ ದಿನವಿಡೀ ಕುಳಿತಿರುವುದನ್ನು ನಾನೇ ಕಂಡಿದ್ದೇನೆ. ಆದರೆ ನನ್ನ ಎತ್ತರ ಆರಡಿ ಒಂದಂಗುಲ. ಅಷ್ಟು ಉದ್ದದ ಮುಂಡವಿರುವವನು ಆ ಸೀಟಿನ ಮೇಲೆ ಕುಳಿತು ಹಿಡಿಕೆಗಳನ್ನು ಮುಟ್ಟಬೇಕಾದರೆ ಸೊಂಟದಿಂದ ಮುಂದಕ್ಕೆ ಬಾಗಲೇಬೇಕು, ಮೊಣಕೈಗಳು ನೇರವಾಗಿ ಬಿಗಿಯಲೇಬೇಕು, ದೇಹದ ಮೇಲ್ಭಾಗದ ಭಾರದಲ್ಲಿ ಒಂದು ಪಾಲು ಅಂಗೈಗಳ ಮೇಲೆ ಬೀಳಲೇಬೇಕು. ನಗರದೊಳಗಿನ ಅರ್ಧ ಗಂಟೆಯ ಸವಾರಿಯಲ್ಲಿ ಇದಾವುದೂ ತಿಳಿಯುವುದಿಲ್ಲ; ನಾಲ್ಕನೆಯ ಗಂಟೆಯಲ್ಲಿ ತಿಳಿಯುತ್ತದೆ.

ಊರಿಗೆ ಮರಳಿದ ಮೇಲೆ ನಮ್ಮ ವೈದ್ಯರನ್ನು ಕಂಡೆ. ಯಾವ ಬೆರಳುಗಳು ಜೋಮು ಹಿಡಿದವು ಎಂಬುದನ್ನೇ ಅವರು ಎರಡು ಬಾರಿ ಕೇಳಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಾಗಿದ್ದರೆ ಮಣಿಕಟ್ಟಿನ ನಡುವೆ ಹಾದುಹೋಗುವ ಮೀಡಿಯನ್ ನರವನ್ನು ನೋಡಬೇಕಾಗುತ್ತಿತ್ತು. ಕಿರುಬೆರಳೂ ಉಂಗುರ ಬೆರಳಿನ ಅರ್ಧವೂ ಆದ್ದರಿಂದ ಇದು ಅಲ್ನಾರ್ ನರಕ್ಕೆ ಬಿದ್ದ ಒತ್ತಡ ಎಂದು ವಿವರಿಸಿದರು. ಮೊಣಕೈ ಎಲ್ಲಿಗಾದರೂ ತಗುಲಿದಾಗ ಕೈಯುದ್ದಕ್ಕೂ ಝುಮ್ಮೆನ್ನುತ್ತದಲ್ಲವೇ, ಆ ನರವೇ ಇದು. ಅದು ಅಂಗೈಯ ಬುಡದಲ್ಲಿ, ಕಿರುಬೆರಳಿನ ಬದಿಯ ಉಬ್ಬಿನ ಅಡಿಯಲ್ಲಿ ಹಾದುಹೋಗುತ್ತದೆ, ಮತ್ತು ಮುಂದಕ್ಕೆ ಬಾಗಿದ ಸವಾರನ ಭಾರ ಹಿಡಿಕೆಯ ಮೇಲೆ ಕೂರುವುದು ಸರಿಯಾಗಿ ಅದೇ ಜಾಗದಲ್ಲಿ. ಭಾರವನ್ನು ಅಲ್ಲಿಂದ ತೆಗೆಯದೆ ದಪ್ಪ ಕೈಗವಸು ಹಾಕಿಕೊಂಡರೆ ಹೆಚ್ಚಿನ ಪ್ರಯೋಜನವಾಗದು ಎಂದೂ ಅವರು ಹೇಳಿದರು. ನಾನು ಆಗಲೇ ಮೆತ್ತನೆಯ ಹಿಡಿಕೆಗಳನ್ನು ಹಾಕಿಸಿ, ಹ್ಯಾಂಡಲ್ ಅನ್ನು ಅದನ್ನು ಬಿಗಿಹಿಡಿಯುವ ಕ್ಲ್ಯಾಂಪಿನಲ್ಲಿ ಸ್ವಲ್ಪ ಹಿಂದಕ್ಕೆ ತಿರುಗಿಸಿ ನೋಡಿದ್ದೆ. ತಿರುಗಿಸಿದಾಗ ಹಿಡಿಕೆಗಳು ಹತ್ತಿರ ಬಂದವಾದರೂ ಅವುಗಳ ತುದಿ ಕೆಳಮುಖವಾಗಿ, ಮಣಿಕಟ್ಟು ಸೊಟ್ಟಗಾಗಿ ಬೇರೊಂದು ನೋವು ಶುರುವಾಗಿತ್ತು.

ಹೀಗೆ ಎತ್ತರದ ಹ್ಯಾಂಡಲ್ ಹಾಕಿಸುವುದೆಂದು ನಿರ್ಧರಿಸಿ ನಾನು ಹೋದದ್ದು ನಮ್ಮ ತಂದೆಯವರ ಕಾಲದಿಂದಲೂ ಪರಿಚಯವಿರುವ ಮೇಸ್ತ್ರಿಗಳ ಬಳಿಗೆ. ಅವರು ಯಾದವಗಿರಿಯ ಐಡಿಯಲ್ ಜಾವಾ ಬೈಕು ಕಾರ್ಖಾನೆಯಲ್ಲಿ ಹದಿಹರೆಯದಲ್ಲಿಯೇ ಕೆಲಸಕ್ಕೆ ಸೇರಿ, 1996ರಲ್ಲಿ ಅದು ಮುಚ್ಚುವವರೆಗೂ ಅಲ್ಲಿದ್ದವರು. ನಂತರ ಸ್ವಂತ ಗ್ಯಾರೇಜು ಹಾಕಿ ನಮ್ಮ ತಂದೆಯವರ ಯೆಜ್ಡಿ ಬೈಕನ್ನು ಕೊನೆಯವರೆಗೂ ನೋಡಿಕೊಂಡವರು. ನಾನು ಬಯಸಿದ್ದು ಹೆದ್ದಾರಿಗಳಲ್ಲಿ ಕಾಣುವ, ಎದೆಯ ಮಟ್ಟಕ್ಕೆ ಏರುವ ದೊಡ್ಡ ಹ್ಯಾಂಡಲ್. ನೋವು ಕೊಟ್ಟದ್ದು ತಗ್ಗಾದ ಹ್ಯಾಂಡಲ್ ಆದ್ದರಿಂದ, ಎತ್ತರ ಎಷ್ಟು ಹೆಚ್ಚಾದರೆ ಅಷ್ಟು ಒಳ್ಳೆಯದೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಮೇಸ್ತ್ರಿಗಳು ವಾದಿಸಲಿಲ್ಲ. ಯಾರೋ ಬಿಚ್ಚಿಸಿ ಬಿಟ್ಟುಹೋಗಿದ್ದ, ಸುಮಾರು ಹತ್ತಂಗುಲ ಏರಿಕೆಯ ಹಳೆಯ ಹ್ಯಾಂಡಲೊಂದನ್ನು ಮೂಲೆಯಿಂದ ತಂದು, ನಿಂತ ಗಾಡಿಯ ಮೇಲೆ ತೋರಿಸುವುದಕ್ಕಷ್ಟೇ ಕೂರಿಸಿ, ಸ್ವಿಚ್ಚುಗಳನ್ನೂ ಲಿವರುಗಳನ್ನೂ ಅದಕ್ಕೆ ಕಟ್ಟಲು ಪ್ರಯತ್ನಿಸಿದರು. ಕ್ಲಚ್ ಕೇಬಲ್ ತಂತಿವಾದ್ಯದ ತಂತಿಯಂತೆ ಬಿಗಿದುಕೊಂಡಿತು. ಬ್ರೇಕಿನ ದ್ರವ ಸಾಗುವ ಹೋಸ್ ಹಿಡಿಕೆಯವರೆಗೆ ತಲುಪಲೇ ಇಲ್ಲ. ಆಕ್ಸಿಲರೇಟರ್ ಕೇಬಲ್ ಮಾತ್ರ ಹೇಗೋ ಮುಟ್ಟಿತು. ಆಗ ಎಂಜಿನ್ ಚಾಲೂ ಮಾಡಿ, ಹ್ಯಾಂಡಲ್ ಅನ್ನು ನಿಧಾನವಾಗಿ ಒಂದು ಕೊನೆಯವರೆಗೆ ತಿರುಗಿಸಿದರು. ಯಾರೂ ಹಿಡಿಕೆ ತಿರುವದಿದ್ದರೂ ಬಿಗಿದ ಕೇಬಲ್ ಎಳೆದುಕೊಂಡು ಎಂಜಿನ್ನಿನ ಶಬ್ದ ತಾನಾಗಿಯೇ ಏರಿತು.

"ನೋಡಿ ಸ್ವಾಮಿ, ಸಂಪಾಜೆ ಘಾಟಿಯ ತಿರುವಿನಲ್ಲಿ ಗಾಡಿ ಹೀಗೆ ತಾನೇ ರೇಸ್ ಆದರೆ ನೀವು ಏನು ಮಾಡುತ್ತೀರಿ?" ಎಂದರು.

ಆ ಶಬ್ದ ಕೇಳಿದ ಕ್ಷಣವೇ ದೊಡ್ಡ ಹ್ಯಾಂಡಲಿನ ಆಸೆ ನನ್ನಿಂದ ಹೋಯಿತು. ಉದ್ದದ ಕೇಬಲುಗಳು, ಉದ್ದದ ಹೋಸ್, ವೈರಿಂಗಿನ ವಿಸ್ತರಣೆ ಎಲ್ಲವನ್ನೂ ಹಾಕಿಸಿ ಅಂಥ ಹ್ಯಾಂಡಲ್ ಕೂರಿಸುವವರಿದ್ದಾರೆ, ಅದು ಅಸಾಧ್ಯವಲ್ಲ. ಆದರೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಇರುವ ಬೈಕಿನಲ್ಲಿ ಬ್ರೇಕಿನ ಹೋಸ್ ಬದಲಿಸುವುದು, ಗಾಳಿಯ ಗುಳ್ಳೆ ಉಳಿಯದಂತೆ ದ್ರವ ತುಂಬುವುದು, ಪ್ರತಿ ಜೋಡಣೆಯನ್ನೂ ನಂಬುವುದು ಎಂದರೆ ಬೈಕಿನ ಅರ್ಧಭಾಗವನ್ನು ಹೊಸದಾಗಿ ಕಟ್ಟಿದಂತೆ. ಅದಲ್ಲದೆ ಕೈಗಳು ಭುಜದ ಮಟ್ಟಕ್ಕೆ ಏರಿದರೆ ರಕ್ತ ಮೇಲಕ್ಕೆ ಹರಿಯಬೇಕಾಗಿ ಜೋಮು ಮತ್ತೊಂದು ದಾರಿಯಿಂದ ಮರಳಿ ಬರುತ್ತದೆ. ಬೆನ್ನು ಗೋಡೆಯಂತೆ ನೆಟ್ಟಗಾದಾಗ ರಸ್ತೆಯ ಪ್ರತಿ ಗುಂಡಿಯ ಹೊಡೆತವೂ ಬೆನ್ನುಮೂಳೆಯ ಬುಡಕ್ಕೇ ಬೀಳುತ್ತದೆ. ಕಾನೂನಿನ ಮಾತೂ ಇದೆ: ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ, 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಆದ್ದರಿಂದ ನಾನು ಮಾಡಲಿರುವ ಬದಲಾವಣೆಯನ್ನು ವಿಮಾ ಕಂಪನಿಗೆ ಮೊದಲೇ ಬರೆದು ತಿಳಿಸಿದೆ. ಮೂಲ ಹ್ಯಾಂಡಲ್ ಅನ್ನು ಯಾವಾಗ ಬೇಕಾದರೂ ಮರಳಿ ಕೂರಿಸಬಹುದಾದ ಬದಲಾವಣೆಯನ್ನು ಮಾತ್ರ ಮಾಡುವುದೆಂದು ತೀರ್ಮಾನಿಸಿದೆ.

ಹಾಗಾದರೆ ಎಷ್ಟು ಎತ್ತರ ಬೇಕು? ಇದಕ್ಕೆ ಮೇಸ್ತ್ರಿಗಳು ಹೇಳಿಕೊಟ್ಟ ವಿಧಾನ ಬಹಳ ಸರಳವಾದದ್ದು, ಮತ್ತು ಈ ಇಡೀ ಪ್ರಯತ್ನದಲ್ಲಿ ನಾನು ಪಡೆದ ಅತ್ಯಂತ ಬೆಲೆಯುಳ್ಳ ವಸ್ತುವೆಂದರೆ ಅದೇ. ಭಾನುವಾರ ಬೆಳಿಗ್ಗೆ ಮನೆಯ ಅಂಗಳದಲ್ಲಿ ಬೈಕನ್ನು ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪ್ರಯಾಣದಲ್ಲಿ ಹಾಕುವ ಜಾಕೆಟ್ಟನ್ನೇ ಹಾಕಿಕೊಂಡು, ಕಾಲುಗಳನ್ನು ಫುಟ್‌ರೆಸ್ಟಿನ ಮೇಲಿಟ್ಟು ಕುಳಿತೆ. ಕೈಯಲ್ಲಿ ಹ್ಯಾಂಡಲ್ ಅಗಲದಷ್ಟು ಉದ್ದದ ಒಂದು ಪಿವಿಸಿ ಪೈಪು. ಕಣ್ಣು ಮುಚ್ಚಿ, ಭುಜಗಳನ್ನು ಸಡಿಲ ಬಿಟ್ಟು, ಎರಡು ಸಲ ದೀರ್ಘವಾಗಿ ಉಸಿರಾಡಿ, ಹ್ಯಾಂಡಲ್ ಎಲ್ಲಿದೆ ಎಂಬುದನ್ನು ಮರೆತು, ಪೈಪನ್ನು ಕೈಗಳು ತಾವಾಗಿ ನಿಲ್ಲುವ ಕಡೆಯಲ್ಲಿ ಹಿಡಿಯಬೇಕು. ಮಗಳು ಟೇಪೂ ತೂಗುಗುಂಡಿನ ದಾರವೂ ಹಿಡಿದು ಪೈಪಿನಿಂದ ಹಿಡಿಕೆಗೆ ಇರುವ ಅಂತರವನ್ನು ಅಳೆದಳು. "ಅಪ್ಪಾ, ನೀವು ಕಣ್ಣು ತೆರೆದು ಹಿಡಿಕೆಯ ಕಡೆಗೇ ಕೈ ಒಯ್ಯುತ್ತಿದ್ದೀರಿ, ಮತ್ತೆ ಮಾಡಿ" ಎಂದು ಮೊದಲ ಅಳತೆಯನ್ನು ಅವಳೇ ತಿರಸ್ಕರಿಸಿದಳು. ಆನಂತರದ ಮೂರು ಅಳತೆಗಳು ಒಂದಕ್ಕೊಂದು ಅಚ್ಚರಿಯಾಗುವಷ್ಟು ಹತ್ತಿರವಿದ್ದವು: ನನ್ನ ಕೈಗಳು ಈಗಿನ ಹಿಡಿಕೆಗಳಿಗಿಂತ ಸುಮಾರು 45 ಮಿ.ಮೀ. ಮೇಲೆ, 40 ಮಿ.ಮೀ. ಹಿಂದೆ ಇರಲು ಬಯಸುತ್ತಿದ್ದವು. ಎರಡಂಗುಲಕ್ಕೂ ಕಡಿಮೆ. ಹತ್ತಂಗುಲದ ಹ್ಯಾಂಡಲ್ ಬಯಸಿದ್ದವನ ದೇಹ ಕೇಳುತ್ತಿದ್ದದ್ದು ಇಷ್ಟೇ ಆಗಿತ್ತು, ಅದರಲ್ಲಿಯೂ ಎತ್ತರದಷ್ಟೇ ಮುಖ್ಯವಾಗಿ ಹತ್ತಿರವನ್ನು ಕೇಳುತ್ತಿತ್ತು.

ಈ ಎರಡನೆಯ ಅಂಕಿಯೇ ಮುಂದಿನ ಆಯ್ಕೆಯನ್ನು ನಿರ್ಧರಿಸಿತು. ಇರುವ ಹ್ಯಾಂಡಲನ್ನೇ ಉಳಿಸಿಕೊಂಡು ಅದರ ಅಡಿಯಲ್ಲಿ ರೈಸರ್ ಎಂಬ ಲೋಹದ ತುಂಡುಗಳನ್ನು ಕೂರಿಸುವುದು ಎಲ್ಲಕ್ಕಿಂತ ಸುಲಭದ ಮಾರ್ಗ. ರೈಸರುಗಳು ಮೇಲಕ್ಕೆ ಏರುವುದು ನೆಲಕ್ಕೆ ಲಂಬವಾಗಿಯಲ್ಲ, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಓರೆಯನ್ನೇ ಅನುಸರಿಸಿ. ಇಂಟರ್‌ಸೆಪ್ಟರಿನ ಫೋರ್ಕು 24 ಡಿಗ್ರಿ ಹಿಂದಕ್ಕೆ ವಾಲಿರುವುದರಿಂದ 30 ಮಿ.ಮೀ. ರೈಸರ್ ಹಾಕಿದರೆ ಹಿಡಿಕೆ ಸುಮಾರು 27 ಮಿ.ಮೀ. ಮೇಲಕ್ಕೂ 12 ಮಿ.ಮೀ. ಹಿಂದಕ್ಕೂ ಬರುತ್ತದೆ. ನನಗೆ ಬೇಕಾದ ಎತ್ತರದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಕ್ಕಿತು, ಹತ್ತಿರದಲ್ಲಿ ಮೂರನೆಯ ಒಂದು ಭಾಗವೂ ಸಿಗಲಿಲ್ಲ. ರೈಸರನ್ನೇ ಇನ್ನೂ ಎತ್ತರಿಸಿದರೆ ಎತ್ತರ ಮಿತಿ ಮೀರುತ್ತದೆ. ಆದ್ದರಿಂದ ಹೊಸ ಹ್ಯಾಂಡಲ್ಲೇ ಆಗಬೇಕಿತ್ತು.

ಹಳೆಯ ಹ್ಯಾಂಡಲನ್ನು ಬಿಚ್ಚಿ, ಅದರ ಆಕಾರವನ್ನು ಎದುರಿನಿಂದಲೂ ಮೇಲಿನಿಂದಲೂ ಎರಡು ರಟ್ಟುಗಳ ಮೇಲೆ ಗೀಚಿಕೊಂಡು, ರಟ್ಟುಗಳನ್ನು ಸುತ್ತಿ ಹಿಡಿದು ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಜೆ.ಸಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದೆ. ಅಂಗಡಿಗಳಲ್ಲಿ ಹ್ಯಾಂಡಲುಗಳಿಗೆ ಹೆಸರುಗಳಿದ್ದವು, ಅಳತೆಗಳಿರಲಿಲ್ಲ. ಕೆಲವು ಸುಂದರವಾದ ಹ್ಯಾಂಡಲುಗಳ ನಡುಭಾಗ 28.6 ಮಿ.ಮೀ. ದಪ್ಪವಿತ್ತು; ನನ್ನ ಬೈಕಿನ ಕ್ಲ್ಯಾಂಪು ಹಿಡಿಯುವುದು 22 ಮಿ.ಮೀ. ಕೊಳವೆಯನ್ನು. ಇನ್ನು ಕೆಲವು ಅಗಲ ಹೆಚ್ಚಾಗಿ, ಕೈಗಳನ್ನು ರೆಕ್ಕೆಗಳಂತೆ ಬಿಡಿಸಿ ಹಿಡಿಯಬೇಕಾಗುತ್ತಿತ್ತು. ಕೊನೆಗೆ ಐದನೆಯ ಅಂಗಡಿಯಲ್ಲಿ ದೊರೆತ ಉಕ್ಕಿನ ಹ್ಯಾಂಡಲೊಂದನ್ನು ರಟ್ಟಿನ ಮೇಲೆ ಇಟ್ಟು ನೋಡಿದಾಗ ಅಗಲ ಹೆಚ್ಚುಕಡಿಮೆ ಮೂಲದಷ್ಟೇ ಇತ್ತು, ಏರಿಕೆ 50 ಮಿ.ಮೀ. ಹೆಚ್ಚಿತ್ತು, ತುದಿಗಳು ಸವಾರನ ಕಡೆಗೆ ಸುಮಾರು 40 ಮಿ.ಮೀ. ಬಾಗಿದ್ದವು. ರಟ್ಟು ತಾರದೆ ಹೋಗಿದ್ದರೆ ನಾನು ಹೊಳಪು ನೋಡಿ ಬೇರೆಯದನ್ನೇ ತರುತ್ತಿದ್ದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಜೋಡಣೆಗೆ ಇಡೀ ಒಂದು ದಿನ ಹಿಡಿಯಿತು. ಸ್ವಿಚ್ಚಿನ ಪೆಟ್ಟಿಗೆ ತಿರುಗದಂತೆ ಹಿಡಿಯುವ ಪುಟ್ಟ ಮೊಳೆಗೆ ಕೊಳವೆಯಲ್ಲಿ ತೂತು ಕೊರೆಯುವ ಮುನ್ನ ಮೇಸ್ತ್ರಿಗಳು ನನ್ನನ್ನು ಮೂರು ಸಲ ಕೂರಿಸಿ ಏಳಿಸಿದರು, ಏಕೆಂದರೆ ಕೊರೆದ ತೂತನ್ನು ಜರುಗಿಸಲಾಗದು. ಕ್ಲಚ್ ಕೇಬಲ್ ಹೆಡ್‌ಲೈಟಿನ ಹಿಂದೆ ಸುತ್ತಿ ಬರುತ್ತಿದ್ದ ದಾರಿಯನ್ನು ನೇರಗೊಳಿಸಿದ ಮೇಲೆ ಸಾಕಾಯಿತು. ಬ್ರೇಕಿನ ಹೋಸನ್ನು ಹಿಡಿದಿದ್ದ ಕ್ಲಿಪ್ಪನ್ನು ಬಿಡಿಸಿ ಮತ್ತೆ ಕೂರಿಸಿದಾಗ ಅದೂ ತಲುಪಿತು. ತಲುಪಿತು ಎಂದು ನಾನು ಸಂತೋಷಪಟ್ಟರೆ, "ತಲುಪಿದರೆ ಸಾಲದು ಸ್ವಾಮಿ, ಎರಡು ಕಡೆ ತಿರುಗಿಸಿದಾಗಲೂ ಸಡಿಲ ಉಳಿಯಬೇಕು" ಎಂದು ಅವರು ಹ್ಯಾಂಡಲನ್ನು ಆ ಕೊನೆಯಿಂದ ಈ ಕೊನೆಗೆ ಹತ್ತು ಬಾರಿ ತಿರುಗಿಸಿ, ಹೋಸ್ ಎಲ್ಲಿಯೂ ಸೆಳೆಯದಿರುವುದನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಎಂಜಿನ್ ಚಾಲೂ ಮಾಡಿ ಅದೇ ಪರೀಕ್ಷೆ. ಈ ಸಲ ಶಬ್ದ ಒಂದೇ ಸಮನಾಗಿ ನಿಂತಿತು. ಬ್ರೇಕ್ ದ್ರವದ ಡಬ್ಬಿಯನ್ನು ಮಟ್ಟವಾಗಿ ನಿಲ್ಲಿಸಿ, ಲಿವರುಗಳನ್ನು ಮುಂದೋಳಿನ ನೇರಕ್ಕೆ ಇಳಿಸಿ, ಕ್ಲ್ಯಾಂಪಿನ ಬೋಲ್ಟುಗಳನ್ನು ನಿಗದಿತ ಬಲದಷ್ಟೇ ಬಿಗಿಯುವ ಟಾರ್ಕ್ ರೆಂಚಿನಿಂದ ಬಿಗಿದು, 100 ಕಿಲೋಮೀಟರ್ ಓಡಿಸಿ ಮರಳಿ ಬಂದು ತೋರಿಸಬೇಕೆಂದು ಹೇಳಿ ಕಳಿಸಿದರು. ಹಳೆಯ ಹ್ಯಾಂಡಲಿಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ.

ಮೂರು ವಾರಗಳ ನಂತರ ಅದೇ ಹೊಸಪೇಟೆಯ ದಾರಿಯಲ್ಲಿ, ಅದೇ ಹೊತ್ತಿಗೆ, ಅದೇ ಕೈಗವಸು ಹಾಕಿಕೊಂಡು ಹೊರಟೆ. ಬೇರೆ ಏನನ್ನಾದರೂ ಬದಲಿಸಿದ್ದರೆ ಪರೀಕ್ಷೆಗೆ ಅರ್ಥವಿರುತ್ತಿರಲಿಲ್ಲ. ಹುಳಿಯಾರು ಬಂದಾಗ ಬೆರಳುಗಳು ನನ್ನವಾಗಿಯೇ ಇದ್ದವು. ಮೊಣಕೈಗಳು ಸ್ವಲ್ಪ ಬಾಗಿದ್ದವು, ರಸ್ತೆಯ ಅದುರು ಭುಜದವರೆಗೆ ಬರುವ ಮುನ್ನ ಅಲ್ಲಿಯೇ ಇಂಗುತ್ತಿತ್ತು. ಆದರೆ ಹಿರಿಯೂರಿನಲ್ಲಿ ಆರು ಪಥದ ಹೆದ್ದಾರಿಯನ್ನು ಸೇರಿ ಚಿತ್ರದುರ್ಗದ ಕಡೆ ತಿರುಗಿದಾಗ, ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುವ ಆ ಬಯಲಿನಲ್ಲಿ, ನನಗೆ ಇನ್ನೊಂದು ಲೆಕ್ಕ ತಿಳಿಯಿತು. ಮೊದಲು ಮುಂದಕ್ಕೆ ಬಾಗಿದ್ದ ಎದೆಯನ್ನು ಗಾಳಿಯೇ ಸ್ವಲ್ಪ ಮಟ್ಟಿಗೆ ಎತ್ತಿ ಹಿಡಿಯುತ್ತಿತ್ತು. ಈಗ ನೆಟ್ಟಗೆ ಕುಳಿತ ಎದೆ ಹಾಯಿಯಂತೆ ಗಾಳಿಯನ್ನು ಪೂರ್ತಿ ತಡೆಯುತ್ತಿತ್ತು, ಮತ್ತು ಅದಕ್ಕೆದುರಾಗಿ ನಾನು ಹಿಡಿಕೆಗಳನ್ನು ಎಳೆದು ಹಿಡಿಯಬೇಕಾಗಿತ್ತು. ಗಂಟೆಗೆ 80 ಕಿಲೋಮೀಟರಿನಲ್ಲಿ ಏನೂ ಅನಿಸದ ಈ ಎಳೆತ 100ರ ಹತ್ತಿರ ಕುತ್ತಿಗೆಯಲ್ಲಿ ನೋವಾಗಿ ನಿಂತಿತು. ದ್ವಿಚಕ್ರ ವಾಹನಗಳಿಗೆ 2023ರ ಆಗಸ್ಟಿನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಪ್ರವೇಶವಿಲ್ಲದಿರುವುದರಿಂದ ನನ್ನ ಪ್ರಯಾಣಗಳು ಬಹುಪಾಲು 80ರ ರಸ್ತೆಗಳಲ್ಲಿಯೇ ನಡೆಯುತ್ತವೆ. ದಿನವಿಡೀ ವೇಗದ ಹೆದ್ದಾರಿಯಲ್ಲಿಯೇ ಸಾಗುವವರು ಎತ್ತರದ ಹ್ಯಾಂಡಲಿನ ಜೊತೆಗೆ ಗಾಳಿತಡೆಯನ್ನೂ ಯೋಚಿಸಲೇಬೇಕು.

ಹೊಸಪೇಟೆಯಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಅಲೆನ್ ಕೀ ತೆಗೆದುಕೊಂಡು ಕ್ಲ್ಯಾಂಪು ಸಡಿಲಿಸಿ ಹ್ಯಾಂಡಲನ್ನು ಮುಂದಕ್ಕೆ ಕೂದಲೆಳೆಯಷ್ಟು ತಿರುಗಿಸಿದೆ. ಹಿಡಿಕೆಗಳು ಐದಾರು ಮಿ.ಮೀ. ದೂರ ಹೋದವು, ಎದೆ ಅಷ್ಟೇ ಮುಂದಕ್ಕೆ ವಾಲಿತು, ಮರಳುವ ದಾರಿಯಲ್ಲಿ 90ರವರೆಗೆ ಕುತ್ತಿಗೆ ಸುಮ್ಮನಿತ್ತು. ಮೈಸೂರಿಗೆ ಬಂದ ಮೇಲೆ ಮೇಸ್ತ್ರಿಗಳು ಬೋಲ್ಟುಗಳನ್ನು ಮತ್ತೆ ರೆಂಚಿಗೆ ಕೊಟ್ಟು ನೋಡಿ, ಕೊಳವೆ ಕ್ಲ್ಯಾಂಪನ್ನು ಸೇರುವ ಜಾಗದಲ್ಲಿ ಬಿಳಿಯ ಬಣ್ಣದಿಂದ ಒಂದು ಸಣ್ಣ ಗೆರೆ ಎಳೆದರು. ಮುಂದೆ ಯಾರೇ ಬಿಚ್ಚಿ ಕೂರಿಸಿದರೂ ಆ ಗೆರೆಗೇ ಕೂರಿಸಬೇಕೆಂದು ತಮ್ಮ ಹುಡುಗನಿಗೂ ತೋರಿಸಿ ಹೇಳಿದರು.