ಜಾರ್ಜ್ ಟೌನ್‌ನಲ್ಲಿ ಕಾಲು ಸೋಲೋವರೆಗೂ ನಡೆದಿದ್ದು

ಜಾರ್ಜ್ ಟೌನ್ ಇರೋದು ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿ, ಅಲ್ಲಿಗೆ ಹೋಗೋರು ದಯವಿಟ್ಟು ಫೆರ್ರಿಯಲ್ಲೇ ಹೋಗಿ. ಕೌಲಾಲಂಪುರದಿಂದ ದ್ವೀಪದ ಎದುರು ದಡದ ಬಟರ್‌ವರ್ತ್‌ವರೆಗೆ ಟ್ರೈನ್ ಇದೆ, ನಾಲ್ಕು ಗಂಟೆ ಆಸುಪಾಸು, ಸ್ಟೇಷನ್‌ನಿಂದ ಹಾಗೇ ನಡ್ಕೊಂಡು ಹೋದ್ರೆ ಫೆರ್ರಿ ಸಿಗುತ್ತೆ. ಸೇತುವೆನೂ ಇದೆ, 1985ರದ್ದು, 13.5 ಕಿಲೋಮೀಟರ್ ಉದ್ದ, ಟ್ಯಾಕ್ಸಿಯವ್ರು ಅದ್ರ ಮೇಲೇ ಕರ್ಕೊಂಡು ಹೋಗ್ತೀನಿ ಅಂತಾರೆ. ಆದ್ರೆ ಈ ಊರಿಗೆ ಬಂದ ತಮಿಳರು, ಚೀನಾದ ಹೊಕ್ಕಿಯನ್ ಜನ, ಸುಮಾತ್ರಾದ ಅಚೆಹ್ ಅನ್ನೋ ಪ್ರದೇಶದ ವ್ಯಾಪಾರಿಗಳು, ಅರಬ್ಬರು, ಆರ್ಮೇನಿಯನ್ನರು, ಬ್ರಿಟಿಷರು ಎಲ್ರೂ ನೀರಿನ ಮೇಲೇ ಬಂದೋರು, ಅವರಿಗೆ ಮೊದಲು ಕಂಡ ದಿಕ್ಕಿನಿಂದಾನೇ ನಾವೂ ಊರು ನೋಡ್ಬೇಕು ಅಂತ ನನ್ನಾಸೆ. ನಾನೂ ತಂಗೀನೂ ಡೆಕ್ ಮೇಲೆ ನಿಂತ್ಕೊಂಡ್ವಿ, ಎದುರಿಗೆ ಹಂಚಿನ ಸೂರುಗಳು, ಅದ್ರ ಹಿಂದೆ ಎತ್ತರದ ಕಟ್ಟಡಗಳು, ಅದಕ್ಕೂ ಹಿಂದೆ ಹಸಿರು ಗುಡ್ಡ.

1786ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಪರವಾಗಿ ಫ್ರಾನ್ಸಿಸ್ ಲೈಟ್ ಅನ್ನೋನು ಇಲ್ಲಿ ಬಂದಿಳಿದ, ದ್ವೀಪ ಆಗ ಎದುರು ದಡದ ಕೆಡಾ ರಾಜ್ಯದ ಸುಲ್ತಾನರದ್ದು. ಸುಂಕ ಇಲ್ಲದ ಬಂದರು ಅಂತ ಮಾಡಿದ್ದಕ್ಕೆ ನಾಲ್ಕೂ ದಿಕ್ಕಿನಿಂದ ಜನ ಬಂದ್ರು. ಎಲ್ರೂ ವ್ಯಾಪಾರಕ್ಕೇ ಬಂದೋರಲ್ಲ, ಇದನ್ನ ಮರೀಬಾರ್ದು. ಇಂಡಿಯಾದಿಂದ ಕಂಪನಿ ಸಾಗಿಸಿದ ಕೈದಿಗಳೂ ಇದ್ರು, ರಸ್ತೆ ಹಾಕಿದ್ದು, ಕಟ್ಟಡ ಕಟ್ಟಿದ್ದು ಎಷ್ಟೋ ಅವರ ದುಡಿಮೆ. 1818ರ ಸೇಂಟ್ ಜಾರ್ಜ್ ಚರ್ಚ್ ಇದೆಯಲ್ಲ, ಬೆಳ್ಳಗೆ ಕಂಬಗಳಿರೋದು, ಅದೂ ಅವರ ಕೈಯಲ್ಲೇ ಎದ್ದಿದ್ದು. ಹುಲ್ಲಿನ ಮೇಲೆ ಕೂತು ಫೋಟೋ ತಗೊಳ್ಳೋರಿಗೆ ಇದು ಗೊತ್ತಿರ್ಬೇಕು ಅನ್ಸುತ್ತೆ ನಂಗೆ.

ಆ ಚರ್ಚಿಂದ ಶುರು ಮಾಡಿ ದಕ್ಷಿಣಕ್ಕೆ ನಡೀರಿ. ಹಳೇ ಹೆಸರು ಪಿಟ್ ಸ್ಟ್ರೀಟ್, ಈಗ ಜಲಾನ್ ಮಸ್ಜಿದ್ ಕಪಿತಾನ್ ಕೆಲಿಂಗ್. ಮೊದಲು ಸಿಗೋದು ಕುವಾನ್ ಯಿನ್ ಗುಡಿ, ಚೀನೀಯರ ಕರುಣೆಯ ದೇವತೆ, 1800ರ ಸುಮಾರಿನದು. ಬೆಳಗ್ಗೆ ಏಳಕ್ಕೇ ಅಂಗಳ ತುಂಬಾ ಧೂಪದ ಹೊಗೆ, ಕಣ್ಣು ಉರಿಯುತ್ತೆ, ಮುದುಕಿಯರು ಕಡ್ಡಿ ಹಿಡ್ಕೊಂಡು ತಲೆಬಾಗಿ ನಿಂತಿರ್ತಾರೆ. ಅಲ್ಲಿಂದ ಸ್ವಲ್ಪ ಮುಂದೆ ಮಹಾಮಾರಿಯಮ್ಮನ ದೇವಸ್ಥಾನ, 1833ರದ್ದು, ಅದ್ರ ಬೆನ್ನು ಈ ರಸ್ತೆಗೆ, ಬಾಗಿಲು ಹಿಂದಿನ ಕ್ವೀನ್ ಸ್ಟ್ರೀಟಿಗೆ. ಅದಾದ್ಮೇಲೆ ಕಪಿತಾನ್ ಕೆಲಿಂಗ್ ಮಸೀದಿ, 1801ರಲ್ಲಿ ತಮಿಳು ಮುಸ್ಲಿಮರು ಕಟ್ಟಿಸಿದ್ದು. ಇಷ್ಟೂ ಒಂದೇ ರಸ್ತೆ, ನಿಧಾನಕ್ಕೆ ನಡೆದ್ರೂ ಕಾಲು ಗಂಟೆ. ನಾವು ಮಾರಿಯಮ್ಮನ ಗುಡಿ ಬಾಗಿಲಲ್ಲಿ ಚಪ್ಪಲಿ ಬಿಡ್ತಿದ್ದಾಗ ಆ ಕಡೆಯಿಂದ ಬಾಂಗ್ ಕೇಳಿಸ್ತು, ಒಳಗೆ ಪೂಜಾರಿ ಗಂಟೆ ಬಾರಿಸ್ತಿದ್ರು, ಹೂ ಮಾರೋ ಅಮ್ಮ ಎರಡಕ್ಕೂ ತಲೆ ಎತ್ತದೆ ಮಲ್ಲಿಗೆ ಕಟ್ತಾ ಇದ್ರು. ನಮ್ಮ ಬೆಂಗಳೂರು ತಮಿಳು ಕೇಳಿ "ಎಂದ ಊರು?" ಅಂದ್ರು. ಬೆಂಗಳೂರು ಅಂದಿದ್ದಕ್ಕೆ ಒಂದು ಗೇಣು ಹೂ ಜಾಸ್ತಿನೇ ಕೊಟ್ಟು ತಂಗಿ ತಲೆಗೆ ಅವರೇ ಮುಡಿಸಿದ್ರು.

ತೈಪೂಸಂ ಹಬ್ಬದಲ್ಲಿ ಮುರುಗನ ಬೆಳ್ಳಿ ರಥ ಹೊರಟ್ರೆ ಚೀನೀ ಕುಟುಂಬಗಳೂ ರಸ್ತೆಯಲ್ಲಿ ರಾಶಿ ರಾಶಿ ತೆಂಗಿನಕಾಯಿ ಒಡೀತಾರೆ. ಯಾರೋ ಮೇಲಿನಿಂದ ಸೌಹಾರ್ದ ಸಪ್ತಾಹ ಅಂತ ಮಾಡಿಸಿದ್ದಲ್ಲ ಅದು, ಹರಕೆ ಹೊತ್ಕೊಂಡಿರ್ತಾರೆ, ತೀರಿಸ್ತಾರೆ, ಅಷ್ಟೇ. ನಂಗೆ ಈ ಊರಲ್ಲಿ ತುಂಬಾ ಇಷ್ಟ ಆಗಿದ್ದೇ ಇದು. ಒಬ್ರು ಇನ್ನೊಬ್ರ ಥರ ಆಗ್ಬೇಕಾಗಿಲ್ಲ, ಆದ್ರೆ ಪಕ್ಕದ ಮನೆ ದೇವರ ಮೇಲೂ ನಂಬಿಕೆ ಇಟ್ಕೋಬಹುದು.

ಇನ್ನು ಊಟ. ಇದಕ್ಕೇ ಒಂದು ಪೂರ್ತಿ ದಿನ ಇಟ್ಕೊಳ್ಳಿ. ನಾಸಿ ಕಂದರ್ ಅಂತ ಎಲ್ಲಾ ಕಡೆ ಬೋರ್ಡ್ ಇರುತ್ತೆ, ಹಿಂದೆ ತಮಿಳು ಮುಸ್ಲಿಂ ವ್ಯಾಪಾರಿಗಳು ಹೆಗಲ ಮೇಲೆ ಕೋಲು ಅಡ್ಡ ಇಟ್ಟು ಒಂದು ಕಡೆ ಅನ್ನ ಒಂದು ಕಡೆ ಸಾರು ಹೊತ್ಕೊಂಡು ಬಂದರಿನ ಕೂಲಿಗಳಿಗೆ ಮಾರ್ತಿದ್ದ ಊಟ ಅದು. ಈಗ ಅಂಗಡಿಗಳಲ್ಲಿ ಸಿಗುತ್ತೆ. ಬಿಸಿ ಅನ್ನ ಹಾಕಿ ಅದ್ರ ಮೇಲೆ ಮೀನಿನ ಸಾರು, ಕೋಳಿ ಸಾರು, ಮಟನ್ ಸಾರು ಎಲ್ಲಾ ಒಂದೊಂದು ಸೌಟು ಸುರೀತಾರೆ, ಒಂದಕ್ಕೊಂದು ಬೆರೆತು ಅನ್ನ ಮುಳುಗ್ಬೇಕು, ಆಗ್ಲೇ ರುಚಿ. ಬೆಂಡೆಕಾಯಿ ಪಕ್ಕದಲ್ಲಿ ಇಡಿಸ್ಕೊಳ್ಳೋದು ಮರೀಬೇಡಿ.

ಚುಲಿಯಾ ಸ್ಟ್ರೀಟ್ ಹತ್ರ ಅಂಥ ಒಂದು ಅಂಗಡಿಯಲ್ಲಿ ಗಲ್ಲಾ ಮೇಲೆ ಕೂತಿದ್ದ ಹುಡುಗನ್ನೇ ನಾನು ನೋಡ್ತಾ ಕೂತ್ಬಿಟ್ಟೆ. ನಮ್ಮ ಹತ್ರ ತಮಿಳು, ಅಡುಗೆಮನೆ ಕಡೆ ತಿರುಗಿ ಮಲಯ್, ಚಿಲ್ಲರೆ ಕೇಳಿದ ಚೀನೀ ಅಜ್ಜನ ಹತ್ರ ಹೊಕ್ಕಿಯನ್, ಬ್ಯಾಗು ಹೊತ್ಕೊಂಡು ಬಂದ ಬಿಳಿಯರ ಹತ್ರ ಇಂಗ್ಲಿಷ್, ಇಷ್ಟೂ ಒಂದೇ ಉಸಿರಲ್ಲಿ. ಎಲ್ಲಿ ಕಲಿತೆ ಅಂತ ಕೇಳಿದ್ರೆ ಅವನಿಗೆ ಪ್ರಶ್ನೆನೇ ಅರ್ಥ ಆಗ್ಲಿಲ್ಲ. "ಇಲ್ಲೇ ಅಕ್ಕಾ, ಬೀದಿಯಲ್ಲಿ" ಅಂದ.

ಸಸ್ಯಾಹಾರಿಗಳು ಹೆದರ್ಬೇಡಿ. ಲಿಟಲ್ ಇಂಡಿಯಾದಲ್ಲಿ ಬಾಳೆಲೆ ಊಟ ಇದ್ದೇ ಇದೆ, ಅದಕ್ಕಿಂತ ನಾನು ಹೇಳೋದು ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿಗಳನ್ನ ಹುಡುಕಿ. ಅವರ ಚಾಂದ್ರಮಾನದ ತಿಂಗಳ ಮೊದಲ ದಿನ, ಹದಿನೈದನೇ ದಿನ ತುಂಬಾ ಜನ ಮಾಂಸ ಮುಟ್ಟಲ್ಲ, ಆವತ್ತು ಅಂಗಡಿಗಳು ತುಂಬಿರುತ್ವೆ. ಆದ್ರೆ ಬೀದಿಯಲ್ಲಿ ಸಿಗೋ ಅಸ್ಸಂ ಲಕ್ಸಾ ಅನ್ನೋ ಹುಳಿ ನೂಡಲ್ ಸೂಪ್ ಮೀನಿಂದಾನೇ ಮಾಡೋದು, ಹುಣಸೇಹುಳಿ ವಾಸನೆ ನೋಡಿ ನಮ್ಮ ಸಾರೇ ಇರ್ಬೇಕು ಅನ್ಕೊಂಡು ಬಾಯಿಗೆ ಇಟ್ಕೋಬೇಡಿ, ಕೇಳಿ ತಿನ್ನಿ. ನಾವು ಎಲ್ಲಾ ತಿನ್ನೋರು, ಸೋ ನಂಗೆ ಹಬ್ಬ. ಮಧ್ಯಾಹ್ನದ ಬಿಸಿಲಿಗೆ ಚೆಂಡೋಲ್ ಕುಡೀರಿ, ಪುಡಿ ಐಸಿನ ಮೇಲೆ ತೆಂಗಿನಹಾಲು, ತಾಳೆಬೆಲ್ಲದ ಪಾಕ, ಹಸಿರು ಶಾವಿಗೆ ಥರದ್ದು, ಬೇಯಿಸಿದ ಕೆಂಪು ಕಾಳು. ತಂಗಿ ಎರಡನೇ ಬಟ್ಟಲಿಗೆ ಲೈನಲ್ಲಿ ನಿಂತ್ಲು.

ಚ್ಯೂ ಜೆಟ್ಟಿಗೆ ಸಂಜೆ ಹೋದ್ವಿ. ಸಮುದ್ರದೊಳಗೆ ಕಂಬ ನೆಟ್ಟು ಅದ್ರ ಮೇಲೆ ಹಲಗೆ ದಾರಿ, ದಾರಿಯ ಎರಡೂ ಕಡೆ ಮನೆಗಳು, ಚ್ಯೂ ಮನೆತನದವರದ್ದು. ಪಕ್ಕದಲ್ಲಿ ಲಿಮ್, ತಾನ್, ಲೀ, ಯೋ ಅಂತ ಬೇರೆ ಬೇರೆ ಮನೆತನದ ಜೆಟ್ಟಿಗಳೂ ಇವೆ. ಬಂದರಿನಲ್ಲಿ ಮೂಟೆ ಹೊರ್ತಿದ್ದ, ದೋಣಿ ನಡೆಸ್ತಿದ್ದ ಜನ ಕಟ್ಕೊಂಡಿದ್ದು. ಜನ ಈಗ್ಲೂ ಅಲ್ಲೇ ವಾಸ ಮಾಡ್ತಾರೆ, ಟಿವಿ ನೋಡ್ತಾರೆ, ಬಟ್ಟೆ ಒಣಗಿಸ್ತಾರೆ. ಟೂರಿಸ್ಟ್‌ಗಳು ಕಿಟಕಿಯೊಳಗೆ ಮೊಬೈಲ್ ಹಿಡಿಯೋದು ನೋಡಿ ನಂಗೆ ನಿಜವಾಗ್ಲೂ ಬೇಜಾರಾಯ್ತು, "ಫೋಟೋ ಬೇಡ" ಅಂತ ಬಾಗಿಲಿಗೆ ಬೋರ್ಡ್ ಹಾಕಿದ್ರೂ ಬಿಡಲ್ಲ ಅಂದ್ರೆ ಏನು ಹೇಳೋದು.

ಗೋಡೆ ಚಿತ್ರಗಳ ಕಥೆನೂ ಸ್ವಲ್ಪ ಹಂಗೇ. 2012ರಲ್ಲಿ ಲಿಥುವೇನಿಯಾದ ಕಲಾವಿದ ಅರ್ನೆಸ್ಟ್ ಜಕರೆವಿಚ್ ಬಿಡಿಸಿದ, ನಿಜವಾದ ಸೈಕಲ್ ಗೋಡೆಗೆ ಸೇರಿಸಿರೋ ಇಬ್ರು ಮಕ್ಕಳ ಚಿತ್ರ ಆರ್ಮೇನಿಯನ್ ಸ್ಟ್ರೀಟಲ್ಲಿದೆ, ಚೆನ್ನಾಗಿದೆ, ನೋಡಿ. ಆದ್ರೆ ಮ್ಯಾಪ್ ಹಿಡ್ಕೊಂಡು ಚಿತ್ರದಿಂದ ಚಿತ್ರಕ್ಕೆ ಓಡ್ತಾ ಮಧ್ಯೆ ಇರೋ ಊರನ್ನೇ ಬಿಟ್ಬಿಡ್ಬೇಡಿ. ಆ ರಸ್ತೆಯ ಹಳೇ ಮನೆಗಳನ್ನ ನೋಡಿ, ಕೆಳಗೆ ಅಂಗಡಿ ಮೇಲೆ ಸಂಸಾರ, ಮುಂದೆ ಮಳೆ ಬಿಸಿಲಿಗೆ ಅಂತ ಸೂರಿರೋ ಜಗಲಿ ಸಾಲು.

ಈ ಮನೆಗಳು ಉಳಿದಿದ್ದು ಹೆಂಗೆ ಅಂತ ಗೊತ್ತಾದ್ಮೇಲೆ ನಂಗೆ ಊರು ಬೇರೆ ಥರಾನೇ ಕಾಣಿಸ್ತು. ಬಾಡಿಗೆ ಏರಿಸೋ ಹಾಗಿಲ್ಲ ಅನ್ನೋ ಕಾನೂನು ಇತ್ತು, ಹಾಗಾಗಿ ಬಡಗಿಗಳು, ಧೂಪದ ಕಡ್ಡಿ ಮಾಡೋರು, ಟೋಪಿ ಹೊಲಿಯೋರು ತಲೆಮಾರುಗಳಿಂದ ಅಲ್ಲೇ ಇದ್ರು, ಮಾಲೀಕರು ಕೆಡವಿ ಹೊಸದು ಕಟ್ಟಿಸೋಕೂ ಹೋಗ್ಲಿಲ್ಲ. 1997ರಲ್ಲಿ ಆ ಕಾನೂನು ತೆಗೆದ್ರು, 2000ದಿಂದ ಬಾಡಿಗೆ ಬಿಡುಗಡೆ, ಎಷ್ಟೋ ಸಂಸಾರಗಳು ಖಾಲಿ ಮಾಡಿದ್ವು. 2008ರಲ್ಲಿ ಮಲೇಷ್ಯಾದ್ದೇ ಇನ್ನೊಂದು ಹಳೇ ಬಂದರು ಮೆಲಾಕಾ ಜೊತೆ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ಮೇಲೆ ಕೆಫೆ, ಹೋಟೆಲ್ ಬಂದ್ವು. ಕಟ್ಟಡ ಉಳಿತು ಅಂತ ಖುಷಿಪಡೋಣ, ಆದ್ರೆ ಅದ್ರೊಳಗಿದ್ದ ಜನಾನೂ ಆ ಪಟ್ಟಿಗೆ ಸೇರ್ಬೇಕಾಗಿತ್ತು ಅಂತ ನಂಗೆ ಗಟ್ಟಿಯಾಗಿ ಅನ್ಸುತ್ತೆ. ಹಂಗಾಗಿ ನಾವು ಕಾಫಿಗೆ ಕೋಪಿತಿಯಂ ಅನ್ನೋ ಹಳೇ ಕಾಫಿ ಅಂಗಡಿಗಳಿಗೇ ಹೋಗ್ತಿದ್ವಿ, ಅಮೃತಶಿಲೆ ಮೇಜು, ಕರ್ರಗಿನ ಕೋಪಿ, ಹಿಂದೆ ಒಬ್ಬೊಬ್ರು ಒಂದೊಂದು ಗಾಡಿ ಇಟ್ಕೊಂಡು ಅಡುಗೆ ಮಾಡ್ತಿರ್ತಾರೆ.

ಟೈಮ್ ಇದ್ರೆ ಪುಲಾವ್ ಟಿಕುಸ್ ಅನ್ನೋ ಬಡಾವಣೆ ಕಡೆ ಲೊರೊಂಗ್ ಬರ್ಮಾ ಅನ್ನೋ ಓಣಿಗೆ ಬನ್ನಿ, ಒಂದು ಕಡೆ ಥಾಯ್ ಬೌದ್ಧ ದೇವಾಲಯ, ಒಳಗೆ 33 ಮೀಟರ್ ಉದ್ದದ ಮಲಗಿದ ಬುದ್ಧ, ರಸ್ತೆ ದಾಟಿದ್ರೆ ಎದುರಿಗೇ ಬರ್ಮೀಯರದ್ದು, ಅಲ್ಲಿ ಬುದ್ಧ ನಿಂತಿದಾನೆ. ಎರಡಕ್ಕೂ ಬಸ್ಸಲ್ಲೇ ಹೋಗ್ಬಹುದು. ಪೆನಾಂಗ್ ಹಿಲ್ ಅನ್ನೋ ಗುಡ್ಡ ಹತ್ತೋ ರೈಲಿಗೆ ವೀಕೆಂಡಲ್ಲಿ ಹೋಗ್ಬೇಡಿ, ಕ್ಯೂನಲ್ಲೇ ಅರ್ಧ ದಿನ ಹೋಗುತ್ತೆ, ಆ ಅರ್ಧ ದಿನಾನ ಪಿಟ್ ಸ್ಟ್ರೀಟಿಗೆ ಕೊಡಿ.